ಹಳೆಯ ಜೀಪಿನ ಇಂಜಿನ್ನಿಗೆ ಉಸಿರು ಕೊಳವೆಯ ಏರ್ಪಾಡು

ಹಳೆಯ ಮೋಟಾರು ಬಂಡಿಯು ನಿಂತ ಸ್ಥಳದಲ್ಲೆಲ್ಲ ಎಣ್ಣೆಯನ್ನು ತೊಟ್ಟಿಕ್ಕಿಸಲಾರಂಭಿಸಿದರೆ, ಅದರ ಯಜಮಾನರು ಸಾಮಾನ್ಯವಾಗಿ ಮೇಸ್ತ್ರಿಯನ್ನು ಕರೆಸಿ, ಇಂಜಿನ್ನಿನ ಹಿಂಭಾಗದ ಸೀಲನ್ನು ಬದಲಾಯಿಸುವಂತೆ ಅಪ್ಪಣೆ ಕೊಡುವರು. ಈ ಕೆಲಸವು ಸುಲಭವಾದುದಲ್ಲ. ತಳದ ಎಣ್ಣೆಯ ತೊಟ್ಟಿಯನ್ನು ಬಿಚ್ಚಬೇಕು. ಅನೇಕ ವೇಳೆ ಇಂಜಿನ್ನನ್ನೇ ಹೊರಕ್ಕೆ ತೆಗೆಯಬೇಕಾಗುವುದು. ಬಿತ್ತನೆಯ ಕಾಲದಲ್ಲಾಗಲಿ ಕಾಫಿ ಕೊಯ್ಲಿನ ಕಾಲದಲ್ಲಾಗಲಿ ಬಂಡಿಯು ಹೀಗೆ ಬಿಚ್ಚಿಕೊಂಡು ಬಿದ್ದಿದ್ದರೆ ಆಗುವ ನಷ್ಟವು ಮೇಸ್ತ್ರಿಯ ಕೂಲಿಗಿಂತಲೂ ಹೆಚ್ಚಿನದು. ಇಷ್ಟೆಲ್ಲ ಆದ ಮೇಲೂ ಕೆಲವು ದಿನಗಳಲ್ಲಿ ಎಣ್ಣೆಯು ಪುನಃ ಸೋರುವುದುಂಟು. ಹೀಗಾದಲ್ಲಿ ದೋಷವು ಸೀಲಿನದಾಗಿರದೆ, ಇಂಜಿನ್ನಿಗೆ ಉಸಿರು ಕಟ್ಟಿರುವುದೇ ಕಾರಣವಾಗಿರಬಹುದು. ಇದನ್ನು ಮೊದಲೇ ಪರೀಕ್ಷಿಸಿದರೆ ಖರ್ಚೂ ಶ್ರಮವೂ ಉಳಿಯುವುವು.

ಇಂಜಿನ್ನಿಗೆ ಉಸಿರೆಂದರೇನೆಂದು ಕೆಲವರು ಕೇಳಬಹುದು. ಸಿಲಿಂಡರಿನಲ್ಲಿ ಪೆಟ್ರೋಲಿನ ಆವಿಯು ಉರಿದಾಗ ಹುಟ್ಟುವ ಒತ್ತಡವು ಪಿಸ್ಟನ್ನನ್ನು ಕೆಳಕ್ಕೆ ತಳ್ಳುವುದಷ್ಟೆ. ಪಿಸ್ಟನ್ನಿನ ಉಂಗುರಗಳು ಎಷ್ಟೇ ಚೆನ್ನಾಗಿದ್ದರೂ ಈ ಅನಿಲದಲ್ಲಿ ಸ್ವಲ್ಪ ಭಾಗವು ಅವುಗಳ ಸಂದಿನಿಂದ ನುಸುಳಿ, ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆಗೆ ಇಳಿದೇ ಇಳಿಯುವುದು. ಇದರಲ್ಲಿ ನೀರಿನ ಆವಿ, ಉರಿಯದ ಪೆಟ್ರೋಲು, ಆಮ್ಲವನ್ನುಂಟುಮಾಡುವ ವಸ್ತುಗಳು ಬೆರೆತಿರುವುವು. ಇವು ಹೊರಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಪೆಟ್ಟಿಗೆಯೊಳಗೆ ಒತ್ತಡವೇರಿ, ಎಲ್ಲಿ ಸಂದು ಸಿಕ್ಕಿದರೆ ಅಲ್ಲಿ ಎಣ್ಣೆಯನ್ನು ಹೊರದೂಡುವುವು. ಒಳಗೆ ಉಳಿದ ನೀರೂ ಪೆಟ್ರೋಲೂ ಎಣ್ಣೆಯನ್ನು ತೆಳುವಾಗಿಸಿ, ಕಪ್ಪು ಕೆಸರನ್ನು ಕಟ್ಟಿಸಿ, ಬೇರಿಂಗುಗಳನ್ನು ತಿನ್ನುವುವು. ಮಲೆನಾಡಿನ ಮಳೆಗಾಲದಲ್ಲಿ ತೋಟದಿಂದ ಮನೆಗೆ, ಮನೆಯಿಂದ ತೋಟಕ್ಕೆ ಅರ್ಧ ಮೈಲಿಯ ಓಡಾಟವನ್ನೇ ಮಾಡುವ ಬಂಡಿಗೆ ಈ ತೊಂದರೆಯು ವಿಶೇಷವಾಗಿ ತಗಲುವುದು. ಏಕೆಂದರೆ ಇಂಜಿನ್ನು ಪೂರ್ತಿಯಾಗಿ ಕಾಯುವುದಕ್ಕೆ ಮೊದಲೇ ನಿಲ್ಲಿಸಲ್ಪಡುವುದರಿಂದ ನೀರು ಆವಿಯಾಗದೆ ಎಣ್ಣೆಯಲ್ಲಿಯೇ ಉಳಿಯುತ್ತದೆ. ಎಣ್ಣೆ ಹಾಕುವ ಮುಚ್ಚಳದ ಒಳಮೈಗೆ ಮಜ್ಜಿಗೆಯ ಕೆನೆಯಂತಹ ಬಿಳಿಯ ಲೋಳೆ ಅಂಟಿದ್ದರೆ ಅದು ಇದರ ಗುರುತು.

ಪೂರ್ವದ ಮೋಟಾರುಗಳಲ್ಲಿ ಇದಕ್ಕೆ ಬಹಳ ಸರಳವಾದ ಉಪಾಯವೊಂದಿತ್ತು. ಕ್ರ್ಯಾಂಕ್ ಪೆಟ್ಟಿಗೆಯಿಂದ ಕೊಳವೆಯೊಂದನ್ನು ನೆಲದ ಕಡೆಗೆ ಇಳಿಬಿಟ್ಟು, ಅದರ ತುದಿಯನ್ನು ಓರೆಯಾಗಿ ಕತ್ತರಿಸಿರುತ್ತಿದ್ದರು. ಬಂಡಿಯು ವೇಗವಾಗಿ ಓಡುವಾಗ ತುದಿಯ ಬಳಿ ಹಾಯುವ ಗಾಳಿಯು ಒಳಗಿನ ಹೊಗೆಯನ್ನು ಸೆಳೆದುಕೊಳ್ಳುವುದು. ಬಂಡಿಯು ನಿಂತಿರುವಾಗ ಅಥವಾ ಕೆಳಗಿಯರಿನಲ್ಲಿ ಏರು ಹತ್ತುವಾಗ ಈ ಸೆಳೆತವು ಇಲ್ಲವೇ ಇಲ್ಲ. ಹಳ್ಳಿಯ ದಾರಿಗಳಲ್ಲಿ ಬಂಡಿಯು ಹೆಚ್ಚು ಹೊತ್ತು ಹೀಗೆಯೇ ನಡೆಯುವುದಾದ್ದರಿಂದ, ಈ ಉಪಾಯವು ನಮ್ಮ ರಸ್ತೆಗಳಿಗೆ ಒಗ್ಗಿದುದಲ್ಲವೆಂದೇ ಹೇಳಬೇಕು. ಅಲ್ಲದೆ ಹೊಳೆ ದಾಟುವಾಗ ತೆರೆದ ಕೊಳವೆಯೊಳಕ್ಕೆ ನೀರು ನುಗ್ಗುವ ಭಯವೂ ಉಂಟು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ನೀರನ್ನು ಹಾಯ್ದುಹೋಗಬೇಕಾದ ಸೇನಾ ವಾಹನಗಳಿಗೆ ಇದರಿಂದಲೇ ಮುಚ್ಚಿದ ಏರ್ಪಾಡನ್ನು ಮಾಡಿದರು. 1941ರಿಂದ 1945ರ ವರೆಗೆ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಸೇನೆಗಾಗಿ ಕಟ್ಟಿದ ಆರು ಲಕ್ಷಕ್ಕೂ ಮಿಕ್ಕಿದ ಜೀಪುಗಳಲ್ಲಿ ಇದನ್ನು ಕಾಣಬಹುದು. ಯುದ್ಧಾನಂತರ ಅವುಗಳಲ್ಲಿ ಕೆಲವು ನಮ್ಮ ದೇಶದಲ್ಲಿಯೇ ಉಳಿದು ವಿಕ್ರಯವಾದುವು; ತರುವಾಯ ಮುಂಬಯಿಯಲ್ಲಿಯೂ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದರು. ಕೊಡಗು, ಚಿಕ್ಕಮಗಳೂರುಗಳ ತೋಟಗಳಲ್ಲಿ ಇಂತಹ ಹಳೆಯ ಜೀಪುಗಳನ್ನು ಇಂದಿಗೂ ಜತನದಿಂದ ಓಡಿಸುವವರುಂಟು. ಊರಿನ ಮೋಟಾರುಗಳಿಗೆ ಈ ಏರ್ಪಾಡು ಬಂದದ್ದು ಬಹಳ ತಡವಾಗಿ. ಹೊಗೆಯಿಂದ ಕೆಟ್ಟ ಗಾಳಿಯನ್ನು ಸುಧಾರಿಸುವುದಕ್ಕಾಗಿ 1961ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾರುವ ಹೊಸ ಕಾರುಗಳಿಗೆ ಇದನ್ನು ಅಳವಡಿಸಿದರು.

ಜೀಪಿನ ಇಂಜಿನ್ನು ನಾಲ್ಕು ಸಿಲಿಂಡರುಗಳದು. ಅಳತೆ 134 ಘನ ಅಂಗುಲ, ಅಂದರೆ ಸುಮಾರು 2,200 ಘನ ಸೆಂಟಿಮೀಟರು. ಬಲ 60 ಕುದುರೆಗಳಷ್ಟು. ಇದರ ವಾಲ್ವುಗಳು ಪಕ್ಕದಲ್ಲಿರುವುವು. ವಾಲ್ವು ಕೋಣೆಯ ಮುಚ್ಚಳದಿಂದ ಹೊರಟ ಸಣ್ಣ ಕೊಳವೆಯು ಗಾಳಿಯನ್ನೆಳೆಯುವ ಮ್ಯಾನಿಫೋಲ್ಡಿಗೆ ಸೇರುವುದು. ಅಲ್ಲಿ ಸ್ಪ್ರಿಂಗಿನಿಂದ ಕೂಡಿದ ಚಿಕ್ಕ ವಾಲ್ವೊಂದುಂಟು. ಇನ್ನೊಂದು ಕಡೆಯಲ್ಲಿ, ಗಾಳಿ ಶೋಧಕದಿಂದ ಬಂದ ಕೊಳವೆಯು ಎಣ್ಣೆ ಹಾಕುವ ನಾಳಕ್ಕೆ ಸೇರಿರುವುದು. ಹೀಗೆ ಶುದ್ಧವಾದ ಗಾಳಿಯು ಒಂದು ಬಾಗಿಲಿನಿಂದ ಒಳಬಂದು, ಪೆಟ್ಟಿಗೆಯನ್ನು ಗುಡಿಸಿಕೊಂಡು, ಮತ್ತೊಂದು ಬಾಗಿಲಿನಿಂದ ಹೊರಟು, ಸಿಲಿಂಡರಿನಲ್ಲಿ ಉರಿದುಹೋಗುವುದು. ಎರಡು ಬಾಗಿಲುಗಳೂ ಇರಲೇಬೇಕು. ಒಳಬರುವ ದಾರಿಯನ್ನು ಮುಚ್ಚಿ ಸೆಳೆಯುವ ದಾರಿಯನ್ನು ಮಾತ್ರ ಇಟ್ಟರೆ, ಪೆಟ್ಟಿಗೆಯು ಸೀಲುಗಳ ಸಂದಿನಿಂದ ದಾರಿಯ ಧೂಳನ್ನೇ ಸೆಳೆದುಕೊಳ್ಳುವುದು. ಬಯಲುಸೀಮೆಯ ಧೂಳು ಎಣ್ಣೆಗೆ ಬೆರೆತರೆ ಅದು ಸಾಣೆಯ ಕಲ್ಲಿನ ಕೆಲಸವನ್ನೇ ಮಾಡುವುದು.

ನಡುವಣ ವಾಲ್ವಿನ ಕೆಲಸವನ್ನು ಅರಿಯದವರು ಅದನ್ನು ಕಿತ್ತುಹಾಕಿ ಬರಿಯ ಕೊಳವೆಯನ್ನು ಸಿಕ್ಕಿಸುವುದುಂಟು. ಇದು ತಪ್ಪು. ಇಂಜಿನ್ನು ನಿಧಾನವಾಗಿ ತಿರುಗುವಾಗ ಮ್ಯಾನಿಫೋಲ್ಡಿನಲ್ಲಿ ಸೆಳೆತವು ಪ್ರಬಲವಾಗಿರುವುದು. ಪಾದರಸದ ಅಳತೆಯಲ್ಲಿ ಸುಮಾರು 18ರಿಂದ 20 ಅಂಗುಲ. ಆಗ ನುಸುಳುವ ಅನಿಲವಾದರೋ ಸ್ವಲ್ಪ. ಆದುದರಿಂದ ಬಲವಾದ ಸೆಳೆತಕ್ಕೆ ವಾಲ್ವು ಎಳೆಯಲ್ಪಟ್ಟು ದಾರಿಯನ್ನು ಕಿರಿದಾಗಿಸುವುದು. ಭಾರವನ್ನು ಎಳೆಯುವಾಗ ಅನಿಲವು ಹೆಚ್ಚು, ಸೆಳೆತವು ಕಡಮೆ. ಆಗ ಸ್ಪ್ರಿಂಗು ವಾಲ್ವನ್ನು ತೆರೆಯುವುದು. ಕಾರ್ಬ್ಯುರೇಟರಿನ ಕಡೆಗೆ ಬೆಂಕಿಯು ಹಿಂದಕ್ಕೆ ಸಿಡಿದರೆ ಅದು ಎಣ್ಣೆಯ ಪೆಟ್ಟಿಗೆಗೆ ಹೋಗದಂತೆ ತಡೆಯುವುದೂ ಇದೇ ವಾಲ್ವು. ಪೂರ್ತಿ ಭಾರದಲ್ಲಿ ವಾಲ್ವಿಗೆ ಮೀರಿದ ಅನಿಲವು ಗಾಳಿ ಶೋಧಕದ ಕೊಳವೆಯಲ್ಲಿ ಹಿಮ್ಮುಖವಾಗಿ ಹೋಗಿ ಕಾರ್ಬ್ಯುರೇಟರಿನ ಮೂಲಕ ಉರಿಯುವುದರಿಂದ ಅದಕ್ಕಾಗಿ ಚಿಂತಿಸಬೇಕಾದುದಿಲ್ಲ.

ಏರ್ಪಾಡನ್ನು ಸರಿಪಡಿಸಹೊರಡುವವರು ಮೊದಲು ಸಿಲಿಂಡರುಗಳ ಒತ್ತಡವನ್ನು ಅಳೆಯಿಸತಕ್ಕದ್ದು. ಉಂಗುರಗಳೇ ಸವೆದಿದ್ದರೆ ಯಾವ ಉಸಿರು ಕೊಳವೆಯೂ ಸಾಲದು. ಅವು ಸರಿಯಾಗಿದ್ದಲ್ಲಿ ವಾಲ್ವನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿ ತೊಳೆದು, ಒಳಗಿನ ಬೆಣೆಯು ಸರಾಗವಾಗಿ ಆಡುವುದೇ ಎಂದು ನೋಡಬೇಕು. ಕೊಳವೆಗಳಲ್ಲಿ ಕರಿಯು ಕಟ್ಟಿದ್ದರೆ ತಂತಿಯಿಂದ ಬಿಡಿಸಬೇಕು. ಬದಲಿಗೆ ಹಾಕುವ ರಬ್ಬರು ಕೊಳವೆಯು ಎಣ್ಣೆಗೆ ತಡೆಯುವ ಜಾತಿಯದಾಗಿರಲಿ. ಪಂಪಿನ ನೀರಿನ ಕೊಳವೆಯ ತುಂಡನ್ನು ಹಾಕಿದರೆ ಅದು ಎಣ್ಣೆಯಲ್ಲಿ ಉಬ್ಬಿ, ಸೆಳೆತಕ್ಕೆ ಚಪ್ಪಟೆಯಾಗಿ, ದಾರಿಯನ್ನೇ ಮುಚ್ಚುವುದು. ಹೊರಗಿನಿಂದ ನೋಡುವವರಿಗೆ ಎಲ್ಲವೂ ಸರಿಯಾಗಿದೆಯೆಂದೇ ತೋರುವುದು! ಕೊಳವೆಯು ಪೆಟ್ಟಿಗೆಯಿಂದ ಹೊರಟು ಮೇಲ್ಮುಖವಾಗಿ ಏರುವಂತೆ ಇದ್ದರೆ ಅದರಲ್ಲಿ ತಣಿದ ಎಣ್ಣೆಯು ಮರಳಿ ಪೆಟ್ಟಿಗೆಗೆ ಇಳಿಯುವುದು. ನಡುವೆ ಜೋತುಬಿದ್ದರೆ ಆ ತಗ್ಗಿನಲ್ಲಿ ನೀರು ನಿಂತು ಕಟ್ಟಿಕೊಳ್ಳುವುದು. ವಾಲ್ವು ಕೋಣೆಯ ಮುಚ್ಚಳದೊಳಗೆ ಎಣ್ಣೆಯ ತುಂತುರನ್ನು ತಡೆಯುವ ತಗಡಾಗಲಿ ತಂತಿಯ ಬಲೆಯಾಗಲಿ ಇದ್ದಲ್ಲಿ ಅದನ್ನು ಕಳೆಯಬಾರದು. ಕಳೆದರೆ ಇಂಜಿನ್ನು ತನ್ನ ಎಣ್ಣೆಯನ್ನು ತಾನೇ ಕುಡಿದು ನೀಲಿಯ ಹೊಗೆಯನ್ನು ಬಿಡುವುದು. ಜೀಪಿನಲ್ಲಿ ಎಣ್ಣೆಯ ಮಟ್ಟವನ್ನು ನೋಡುವ ಕಡ್ಡಿಯು ಎಣ್ಣೆ ಹಾಕುವ ಮುಚ್ಚಳಕ್ಕೇ ಸೇರಿಕೊಂಡಿರುವುದು. ಈ ಮುಚ್ಚಳವು ಬಿಗಿಯಾಗಿ ಕೂರದಿದ್ದರೆ ಶೋಧಿಸದ ಗಾಳಿಯು ಒಳನುಗ್ಗುವುದರಿಂದ ಅದರ ವಾಷರನ್ನೂ ಹೊಸದಾಗಿ ಹಾಕಿಸತಕ್ಕದ್ದು.

ಜೋಡಿಸಿದ ಮೇಲೆ ಪರೀಕ್ಷಿಸಲು ಬೆಲೆಯುಳ್ಳ ಯಂತ್ರವು ಬೇಕಾಗಿಲ್ಲ. ಇಂಜಿನ್ನು ಬಿಸಿಯಾಗಿ ನಿಧಾನವಾಗಿ ತಿರುಗುತ್ತಿರುವಾಗ ಕೊಳವೆಯನ್ನು ವಾಲ್ವಿನಿಂದ ಬಿಡಿಸಿ ಬೆರಳಿಟ್ಟರೆ ಸೆಳೆತವು ತಿಳಿಯಬೇಕು. ಹಾಗೆ ಮುಚ್ಚಿದಾಗ ಇಂಜಿನ್ನಿನ ತಿರುಗುವಿಕೆಯು ಸ್ವಲ್ಪ ಬದಲಾಗಬೇಕು. ಬದಲಾಗದಿದ್ದರೆ ವಾಲ್ವು ಕಟ್ಟಿದೆಯೆಂದು ತಿಳಿಯತಕ್ಕದ್ದು. ಇನ್ನೂ ಖಚಿತವಾಗಿ ತಿಳಿಯಬೇಕಾದರೆ, ಪಾರದರ್ಶಕವಾದ ಕೊಳವೆಯೊಂದನ್ನು ಹಲಗೆಯ ಮೇಲೆ ಲಾಳದಾಕಾರದಲ್ಲಿ ಕಟ್ಟಿ, ಅರ್ಧದ ವರೆಗೆ ನೀರನ್ನು ಹೊಯ್ದು, ಅದರ ಒಂದು ತುದಿಯನ್ನು ಬಿರಡೆಯ ಮೂಲಕ ಎಣ್ಣೆ ನಾಳದ ಬಾಯಿಗೆ ಸಿಕ್ಕಿಸಬೇಕು. ಶೋಧಕದ ಕೊಳವೆಯು ತನ್ನ ಸ್ಥಾನದಲ್ಲಿಯೇ ಇರಲಿ. ಇಂಜಿನ್ನಿನ ಕಡೆಯ ನೀರು ಸ್ವಲ್ಪವಾದರೂ ಏರಿ ನಿಂತರೆ ಒಳಗೆ ಸೆಳೆತವಿದೆ, ಏರ್ಪಾಡು ಸರಿಯಾಗಿದೆ. ಹೊರಗಿನ ಕಡೆಯ ನೀರು ಏರಿದರೆ ಒಳಗೆ ಒತ್ತಡವಿದೆ. ಸೀಲನ್ನು ದೂಷಿಸುವುದಕ್ಕೆ ಮೊದಲು ಕಾರಣವನ್ನು ಇಲ್ಲಿಯೇ ಹುಡುಕಬೇಕು. ವಾಲ್ವಿನ ಮೂಲಕ ಹೆಚ್ಚುಗಾಳಿಯು ಸೇರುವುದರಿಂದ ಕಾರ್ಬ್ಯುರೇಟರಿನ ನಿಧಾನಗತಿಯ ತಿರುಪನ್ನು ಕಡೆಯಲ್ಲಿ ಮತ್ತೊಮ್ಮೆ ಸರಿಮಾಡತಕ್ಕದ್ದು.

2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರಿನ ಹಳೆಯ 1,489 ಘನ ಸೆಂಟಿಮೀಟರಿನ ಪೆಟ್ರೋಲ್ ಇಂಜಿನ್ನನ್ನು ಇಟ್ಟುಕೊಂಡವರಿಗೂ ಇದು ಅನ್ವಯಿಸುವುದು. ಇದೇ ವಂಶದ ದೊಡ್ಡ ಇಂಜಿನ್ನುಳ್ಳ ಇಂಗ್ಲೆಂಡಿನ ಎಂ. ಜಿ. ಬಿ. ಕಾರಿಗೆ 1964ರಿಂದ ಮ್ಯಾನಿಫೋಲ್ಡಿನ ಮೇಲೆ ವಾಲ್ವನ್ನು ಇಟ್ಟರು. 1968ರ ಸುಮಾರಿಗೆ ಅದನ್ನು ಬಿಟ್ಟು, ಪಕ್ಕದ ಮುಚ್ಚಳದ ಕೊಳವೆಯನ್ನು ಕಾರ್ಬ್ಯುರೇಟರಿಗೇ ಸೇರಿಸಿದರು. ಹೊಸದಾಗಿ ವಾಲ್ವನ್ನು ಕೊಳ್ಳುವವರು ತಮ್ಮ ಇಂಜಿನ್ನಿನಷ್ಟೇ ಗಾತ್ರದ ಇಂಜಿನ್ನಿಗೆ ಮಾಡಿದುದನ್ನು ಆರಿಸತಕ್ಕದ್ದು. ಅದನ್ನು ನಾಲ್ಕು ಸಿಲಿಂಡರುಗಳಿಗೂ ಸಮನಾಗಿ ಹಂಚಿಕೆಯಾಗುವಂತೆ ಮ್ಯಾನಿಫೋಲ್ಡಿನ ನಡುಭಾಗದಲ್ಲಿ ಕೂರಿಸಬೇಕು. ಒಂದು ಕೊನೆಗೆ ಕೂರಿಸಿದರೆ ಆ ಕಡೆಯ ಸಿಲಿಂಡರಿಗೆ ಮಾತ್ರ ಗಾಳಿಯು ಹೆಚ್ಚಾಗುವುದು.

ಡೀಸೆಲ್ ಟ್ರಾಕ್ಟರುಗಳ ಮಾತು ಬೇರೆ. ಅವುಗಳ ಮ್ಯಾನಿಫೋಲ್ಡಿನಲ್ಲಿ ಸಾಮಾನ್ಯವಾಗಿ ಇಂತಹ ಬಲವಾದ ಸೆಳೆತವಿರುವುದಿಲ್ಲವಾದುದರಿಂದ ಪೆಟ್ರೋಲ್ ಇಂಜಿನ್ನಿನ ವಾಲ್ವನ್ನು ಅವುಗಳಿಗೆ ತೊಡಿಸಕೂಡದು. ಉಸಿರು ಮುಚ್ಚಳದಲ್ಲಿ ತಂತಿಯ ಬಲೆಯಿದ್ದರೆ ಪ್ರತಿಸಾರಿ ಎಣ್ಣೆಯನ್ನು ಬದಲಾಯಿಸುವಾಗಲೂ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಹಾಕಿದರೆ ಸಾಕು. ಜೀಪಿನಲ್ಲಿಯೂ ಏರ್ಪಾಡನ್ನು ಸರಿಪಡಿಸಿದ ದಿನವೇ ಹಳೆಯ ಎಣ್ಣೆಯನ್ನು ಇಳಿಸಿ ಹೊಸದನ್ನು ತುಂಬಿ, ಒಂದು ತಿಂಗಳ ಓಡಾಟದ ತರುವಾಯ ಮುಚ್ಚಳದ ಒಳಮೈಯನ್ನು ನೋಡತಕ್ಕದ್ದು. ಬಿಳಿಯ ಲೋಳೆಯು ಪುನಃ ಕಂಡರೆ ವಾಲ್ವನ್ನು ಮತ್ತೆ ಬಿಚ್ಚಿ ಪರೀಕ್ಷಿಸಬೇಕು, ವಾರಕ್ಕೊಮ್ಮೆಯಾದರೂ ಬಂಡಿಯನ್ನು ಚೆನ್ನಾಗಿ ಕಾಯುವಷ್ಟು ದೂರ ಓಡಿಸಬೇಕು.