ಹೆಸರು ಉಳಿಯುವ ಬಗೆ

ಭಾದ್ರಪದ ಮಾಸದ ಕೃಷ್ಣಪಕ್ಷ ಬಂದಿತೆಂದರೆ ನಮ್ಮ ಮನೆಗಳಲ್ಲಿ ಹೋದವರಿಗೆ ಮತ್ತೆ ಜಾಗ ದೊರೆಯುತ್ತದೆ. ದರ್ಭೆ, ಎಳ್ಳು, ನೀರು ಸಿದ್ಧವಾದ ಮೇಲೆ ಪುರೋಹಿತರು ತಂದೆಯ ಹೆಸರನ್ನು ಕೇಳುತ್ತಾರೆ; ಯಜಮಾನ ಥಟ್ಟನೆ ಹೇಳುತ್ತಾನೆ. ತಾತನ ಹೆಸರೂ ತೊಡಕಿಲ್ಲದೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಅದು ಮೊಮ್ಮಗನ ಹೆಸರೇ ಆಗಿರುತ್ತದೆ. ಮುತ್ತಾತನ ಹೆಸರಿಗೆ ಬರುವಾಗ ನಾಲಗೆ ಒಂದು ಕ್ಷಣ ತಡವರಿಸುತ್ತದೆ. ಮುತ್ತಜ್ಜಿಯ ಹೆಸರಿಗಂತೂ ಒಳಮನೆಯ ಕಡೆಗೆ ತಿರುಗಿ ನೋಡಬೇಕು. ಅಲ್ಲಿಯೂ ಉತ್ತರವಿಲ್ಲದಿದ್ದರೆ ಊರಿನಲ್ಲಿರುವ ಚಿಕ್ಕಪ್ಪನಿಗೆ ಫೋನು ಮಾಡುವುದು ಈಗಿನ ಪದ್ಧತಿ. ಶಾಸ್ತ್ರವು ಮೂರು ತಲೆಮಾರುಗಳನ್ನು ವಸು, ರುದ್ರ, ಆದಿತ್ಯ ಸ್ವರೂಪರೆಂದು ಕರೆದು ಅಲ್ಲಿಗೆ ನಿಲ್ಲಿಸಿದೆ. ಮನುಷ್ಯನ ನೆನಪಿನ ಅಳವನ್ನು ಚೆನ್ನಾಗಿ ಬಲ್ಲವರೇ ಈ ಲೆಕ್ಕ ಹಾಕಿರಬೇಕು.

ಹೀಗಿದ್ದರೂ ಒಂಬೈನೂರು ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ತಾಯಿಯ ಹೆಸರೂ ಒಬ್ಬ ಹೆಂಡತಿಯ ಹೆಸರೂ ನಮ್ಮ ನಾಡಿನಲ್ಲಿ ಇಂದಿಗೂ ಅಳಿಯದೆ ಉಳಿದಿವೆ. ಶ್ರವಣಬೆಳಗೊಳಕ್ಕೆ ಹೋದವರು ಗೊಮ್ಮಟನ ಬೆಟ್ಟವನ್ನು ಹತ್ತಿ ಇಳಿಯುವ ಹೊತ್ತಿಗೆ ದಣಿದಿರುತ್ತಾರೆ. ಎದುರಿನ ಚಿಕ್ಕಬೆಟ್ಟಕ್ಕೆ ಹೋಗುವವರು ಕಡಿಮೆ. ಅಗಲಿದವರ ನಿಜವಾದ ಬೆಟ್ಟ ಅದು. ಕಟವಪ್ರವೆಂಬುದು ಅದರ ಹಳೆಯ ಹೆಸರು. ಏಳನೆಯ ಶತಮಾನದಿಂದ ಮೊದಲುಗೊಂಡು ಅಲ್ಲಿ ಸಲ್ಲೇಖನ ವ್ರತವನ್ನು ಕೈಕೊಂಡು ದೇಹ ಬಿಟ್ಟವರ ಹೆಸರುಗಳನ್ನು ಬಂಡೆಯ ಮೇಲೆಯೂ ಕಂಬಗಳ ಮೇಲೆಯೂ ಕೊರೆದಿದ್ದಾರೆ.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನೆಂದರೆ ತಲಕಾಡನ್ನು ಚೋಳರ ಕೈಯಿಂದ ಬಿಡಿಸಿದ ವೀರ. ಚರಿತ್ರೆಯ ಪುಸ್ತಕಗಳಲ್ಲಿ ಅವನ ಗೆಲುವುಗಳ ಪಟ್ಟಿ ಇದೆ. ಈ ಬೆಟ್ಟದ ಮೇಲೆ ನಮಗೆ ಕಾಣುವವನು ಬೇರೆಯೇ ಗಂಗರಾಜ. ತಾಯಿ ಪೋಚಿಕಬ್ಬೆಗಾಗಿ ಅವನು ಕಟ್ಟಿಸಿದ ಕತ್ತಲೆ ಬಸದಿ ಇಲ್ಲಿಯೇ ಇದೆ. 1120ರ ಸುಮಾರಿನಲ್ಲಿ ಆಕೆ ತೀರಿಕೊಂಡಾಗ ಮಗ ಶಾಸನವನ್ನು ನಿಲ್ಲಿಸಿದ. ಬಹುಕಾಲ ಕಳೆಯುವ ಮುನ್ನ ಮಡದಿ ಲಕ್ಷ್ಮೀಮತಿಯೂ ಹೋದಳು. ಎರಡುಕಟ್ಟೆ ಬಸದಿಯನ್ನು ಮಾಡಿಸಿದವಳು ಆಕೆಯೇ. ಅವಳಿಗೂ ಒಂದು ನಿಷಿಧಿ. 1123ರಲ್ಲಿ ಗುರು ಶುಭಚಂದ್ರದೇವರ ಸರದಿ. ನಾಲ್ಕೈದು ವರ್ಷಗಳ ಅವಧಿಯೊಳಗೆ ತಾಯಿ, ಮಡದಿ, ಗುರು ಮೂವರನ್ನೂ ಕಳೆದುಕೊಂಡ ಸೇನಾಪತಿ ಮೂರು ಸಲವೂ ಕಲ್ಲುಕುಟಿಗನನ್ನು ಕರೆಸಿದ. ಶಾಸನದ ಭಾಷೆ ಬಿರುದುಗಳಿಂದ ತುಂಬಿದ್ದು ಅಳುವಿಗೆ ಅದರಲ್ಲಿ ಎಡೆಯಿಲ್ಲ, ನಿಜ. ಆದರೆ ಮೂರನ್ನೂ ಒಟ್ಟಿಗೆ ಓದಿದವರಿಗೆ ಅವನ ಮನೆ ಹೇಗೆ ಬರಿದಾಗುತ್ತ ಬಂದಿತೆಂಬುದು ತಾನಾಗಿ ತಿಳಿಯುತ್ತದೆ.

ಇದಕ್ಕಿಂತಲೂ ಕರುಳು ಹಿಂಡುವ ಪ್ರಸಂಗವೊಂದು ಅದೇ ಬೆಟ್ಟದಲ್ಲಿದೆ. ನಾಟ್ಯದಲ್ಲಿ ಹೆಸರಾದ ಪಟ್ಟದರಸಿ ಶಾಂತಲದೇವಿಯನ್ನು ಅರಿಯದ ಕನ್ನಡಿಗರಿಲ್ಲ. ಕಥೆ ಕಾದಂಬರಿಗಳು ಆಕೆಯನ್ನು ಮನೆಮಾತಾಗಿಸಿವೆ. ಆಕೆಯ ತಾಯಿ ಮಾಚಿಕಬ್ಬೆಯನ್ನು ನೆನೆಯುವವರು ಎಷ್ಟು ಮಂದಿ? 1131ರಲ್ಲಿ ಶಿವಗಂಗೆಯಲ್ಲಿ ಶಾಂತಲೆ ತೀರಿಕೊಂಡಳು. ಮಗಳಿಲ್ಲದ ಮೇಲೆ ತಾನು ಬದುಕಿರಲಾರೆನೆಂದು ತಾಯಿ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳೆಂದು ಶಾಸನ ಹೇಳುತ್ತದೆ. ವ್ರತದ ಸರಿತಪ್ಪುಗಳನ್ನು ಪಂಡಿತರು ಚರ್ಚಿಸಲಿ. ನಮ್ಮ ಕಣ್ಣಿಗೆ ಕಾಣುವುದು ಇಷ್ಟೇ: ಮಗಳು ರಾಣಿಯಾಗಿದ್ದರೇನು, ಅವಳನ್ನು ಕಳೆದುಕೊಂಡ ತಾಯಿಯ ಸಂಕಟ ನಮ್ಮ ನಿಮ್ಮ ಬೀದಿಯ ತಾಯಿಯದಕ್ಕಿಂತ ಬೇರೆಯಾಗಿರಲಿಲ್ಲ.

ಇವರೆಲ್ಲ ಸಿರಿವಂತರು, ಕಲ್ಲು ಕೊರೆಸುವ ಅನುಕೂಲವಿದ್ದವರು ಎನ್ನಬಹುದು. ಬಡವನಿಗೂ ಒಂದು ಕಲ್ಲಿತ್ತು, ಅದೇ ವೀರಗಲ್ಲು. ಕಳ್ಳರು ಹಿಡಿದ ದನಗಳನ್ನು ಬಿಡಿಸಲು ಹೋಗಿ ಮಡಿದವನಿಗೆ, ಊರ ಮೇಲೆ ಬಿದ್ದ ದಂಡನ್ನು ತಡೆದು ಸತ್ತವನಿಗೆ ಊರವರು ಇದನ್ನು ನಿಲ್ಲಿಸುತ್ತಿದ್ದರು. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಅವನು ಕಾದಿದ ರೀತಿ. ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೆ ಕೊಂಡೊಯ್ಯುವ ನೋಟ. ತುದಿಯಲ್ಲಿ ದೇವರ ಸನ್ನಿಧಿ, ಸೂರ್ಯ, ಚಂದ್ರ. ಓದು ಬಾರದವರಿಗೂ ಅರ್ಥವಾಗುವ ಚಿತ್ರಕಥೆ ಅದು. ಬೆಂಗಳೂರೆಂಬ ಹೆಸರು ಮೊದಲು ಕಾಣಿಸಿಕೊಂಡಿರುವುದು ಇಂತಹ ಸಾವಿನ ಕಲ್ಲೊಂದರಲ್ಲಿಯೇ ಎಂಬುದು ನಗರವಾಸಿಗಳಲ್ಲಿ ಹಲವರಿಗೆ ತಿಳಿದಂತಿಲ್ಲ. ಬೇಗೂರಿನ ಗುಡಿಯಲ್ಲಿರುವ ಸುಮಾರು 890ರ ಆ ಬರಹ, ಬೆಂಗಳೂರು ಕಾಳಗದಲ್ಲಿ ಮಡಿದ ನಾಗತ್ತರನ ಮನೆಯವನೊಬ್ಬನನ್ನು ಹೆಸರಿಸುತ್ತದೆ.

ಕಲ್ಲು ನಿಂತರೆ ಸಾಕೆ? ಕಾಯುವವರೂ ಬೇಕು. ಹಳ್ಳಿಗಳಲ್ಲಿ ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲಾಗಿವೆ, ಮೋರಿಯ ಮೇಲಿನ ಚಪ್ಪಡಿಯಾಗಿವೆ, ಗೋಡೆಯ ಅಸ್ತಿವಾರದೊಳಗೆ ಅಡಗಿವೆ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿಗಾಗಿ ನೆಲ ಅಗೆಯುತ್ತಿದ್ದಾಗ ಒಂದು ಕಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದಲ್ಲಿ, ಪೆರ್ಬೊಳಲ್ ನಾಡಿನ ಮೇಲೆ ದಂಡು ಬಂದಾಗ ಹೋರಾಡಿ ಸತ್ತ ಕಿತ್ತಯ್ಯನ ಕಲ್ಲು ಅದು. ಕಾಲ ಸುಮಾರು 750. ಕಿತ್ತಯ್ಯನ ವಂಶದವರು ಯಾರೆಂಬುದು ಇಂದು ಯಾರಿಗೂ ಗೊತ್ತಿಲ್ಲ. ಆದರೂ ಅಲ್ಲಿಯ ನಾಗರಿಕರು ಮುಂದೆ ಬಂದು, ಹಣ ಕೂಡಿಸಿ, ಆ ಕಲ್ಲಿಗೆ ಒಂದು ಮಂಟಪವನ್ನು ಕಟ್ಟಿಸಿದರು. ಸಂಬಂಧವಿಲ್ಲದವರು ಮಾಡಿದ ಶ್ರಾದ್ಧವೆಂದರೂ ಸಲ್ಲುತ್ತದೆ.

ಮನುಷ್ಯರಿಗಷ್ಟೇ ಈ ಗೌರವ ಸಂದಿತೆಂದು ತಿಳಿಯಬೇಡಿ. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಬೂತುಗರ ಪರವಾಗಿ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನು ಬಹುಮಾನವಾಗಿ ಕೇಳಿಕೊಂಡದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಕಾದು, ಎರಡೂ ಸತ್ತವು. ಮಣಲೇರನು ಮದ್ದೂರಿನ ಬಳಿಯ ಆತಕೂರಿನ ದೇವಾಲಯದ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟನು; ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂದು ಎಚ್ಚರಿಕೆಯನ್ನೂ ಬರೆಯಿಸಿದನು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಈ ಕಲ್ಲಿನಲ್ಲಿ ನಾಯಿಯೂ ಹಂದಿಯೂ ಒಂದನ್ನೊಂದು ಕಚ್ಚಿ ಹಿಡಿದ ಚಿತ್ರವಿದೆ. ಮಕ್ಕಳಿಗೆ ಇದನ್ನು ತೋರಿಸಿದರೆ ಹತ್ತನೆಯ ಶತಮಾನವನ್ನು ಅವರು ಮತ್ತೆ ಮರೆಯಲಾರರು.

ಗ್ರಂಥವನ್ನೇ ಸ್ಮಾರಕವಾಗಿಸಿದವರೂ ಉಂಟು. ಮಲ್ಲಪ, ಪುನ್ನಮಯ್ಯ ಎಂಬ ಅಣ್ಣತಮ್ಮಂದಿರು ತಮ್ಮ ಗುರು ಜಿನಚಂದ್ರದೇವರ ನೆನಪಿಗಾಗಿ ಪೊನ್ನನಿಂದ ‘ಶಾಂತಿಪುರಾಣ’ವನ್ನು ಬರೆಯಿಸಿದರು. ಮಲ್ಲಪನ ಮಗಳೇ ದಾನಚಿಂತಾಮಣಿ ಅತ್ತಿಮಬ್ಬೆ. ಅಚ್ಚಿನ ಯಂತ್ರವಿಲ್ಲದ ಆ ಕಾಲದಲ್ಲಿ ಅದೇ ಕಾವ್ಯದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ನಮ್ಮ ಕಾಲಕ್ಕೆ ಸಮೀಪದವರಾದ ಡಿ.ವಿ.ಜಿ.ಯವರು ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಲ್ಲಿ ಇದೇ ಕೆಲಸವನ್ನು ಗದ್ಯದಲ್ಲಿ ಮಾಡಿದರು. ಮೈಸೂರಿನ ದಿವಾನರಿಗೆ ಒಂದು ಸಂಪುಟವಾದರೆ, ಯಾವ ಪದವಿಯೂ ಇಲ್ಲದೆ ಹೃದಯದಿಂದ ಮಾತ್ರ ಸಂಪನ್ನರಾಗಿದ್ದವರಿಗೂ ಒಂದು. ನಮಗಂತೂ ಎರಡನೆಯದೇ ಹೆಚ್ಚು ಪ್ರಿಯ.

ಮನೆಮನೆಯ ಆಚಾರಗಳನ್ನು ಹೇಳಹೊರಟರೆ ಮುಗಿಯದು. ಹಳೆಯ ಮೈಸೂರಿನ ಒಕ್ಕಲು ಮನೆಗಳಲ್ಲಿ ಹೋದವರಿಗೆ ಹೊಸ ಬಟ್ಟೆಯನ್ನೂ ಅವರು ಇಷ್ಟಪಡುತ್ತಿದ್ದ ಅಡುಗೆಯನ್ನೂ ಎಡೆಯಿಡುತ್ತಾರೆ. ಕೊಡವರ ಒಕ್ಕಗಳಲ್ಲಿ ಹಿರಿಯರಿಗೆಂದೇ ಕೈಮಡಗಳಿವೆ. ತುಳುನಾಡಿನಲ್ಲಿ ಮದುವೆಯಾಗದೆ ತೀರಿಕೊಂಡ ಮಕ್ಕಳಿಗೆ, ಹಾಗೆಯೇ ತೀರಿಕೊಂಡ ಇನ್ನೊಂದು ಮನೆಯ ಮಗುವನ್ನು ಹುಡುಕಿ, ಪ್ರಾಯಕ್ಕೆ ಬರುವಷ್ಟು ವರ್ಷ ಕಳೆದ ಮೇಲೆ ಮದುವೆ ಮಾಡಿಸುವುದುಂಟು. ಎಳೆಯ ಮಗುವನ್ನು ಮಣ್ಣಿಗಿಟ್ಟ ತಾಯಿ ಅದರ ವಯಸ್ಸನ್ನು ಮನಸ್ಸಿನಲ್ಲಿ ಎಣಿಸುತ್ತಲೇ ಇರುತ್ತಾಳೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕ್ಯಾಥೊಲಿಕ್ ಕ್ರೈಸ್ತರು ನವೆಂಬರ್ 2ರಂದು ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚುತ್ತಾರೆ. ಶಬೆ ಬರಾತ್ ರಾತ್ರಿ ಮುಸ್ಲಿಮರು ಹಿರಿಯರ ಗೋರಿಗಳ ಬಳಿ ಪ್ರಾರ್ಥಿಸುತ್ತಾರೆ.

ಮಹಾಲಯದ ತರ್ಪಣಕ್ಕೆ ಒಂದು ವಿಶೇಷವಿದೆ. ಅದನ್ನು ಗಮನಿಸದವರೇ ಹೆಚ್ಚು. ಉಳಿದ ತಿಥಿಗಳಂತೆ ಇದು ನೇರ ವಂಶಕ್ಕೆ ಮಾತ್ರ ಮೀಸಲಲ್ಲ. ಸೋದರಮಾವ, ಸೋದರತ್ತೆ, ಮಾವ, ಗುರು, ಶಿಷ್ಯ, ಗೆಳೆಯ — ಇವರೆಲ್ಲರಿಗೂ ಎಳ್ಳುನೀರು ಬಿಡಲು ಅವಕಾಶವಿದೆ. ಹಿಂದಿನ ಕೂಡುಕುಟುಂಬಗಳಲ್ಲಿ, ಎಂಟು ಹತ್ತು ವರ್ಷಕ್ಕೇ ವಿಧವೆಯಾಗಿ ತವರಿಗೆ ಮರಳಿ, ಅಣ್ಣತಮ್ಮಂದಿರ ಮಕ್ಕಳನ್ನೆಲ್ಲ ಎತ್ತಿ ಆಡಿಸಿ, ಅಡುಗೆಮನೆಯ ಹೊಗೆಯಲ್ಲಿ ಆಯುಸ್ಸು ಸವೆಸಿದ ಅತ್ತೆಯೊಬ್ಬಳು ಇರುತ್ತಿದ್ದಳು. ಅವಳಿಗೆ ಶ್ರಾದ್ಧ ಮಾಡಲು ಮಗನಿಲ್ಲ. ವಂಶವೃಕ್ಷದಲ್ಲಿ ಅವಳಿಗೆ ಕೊಂಬೆಯಿಲ್ಲ. ಶಾಸ್ತ್ರ ಅವಳಿಗೊಂದು ಬೊಗಸೆ ನೀರನ್ನು ಎತ್ತಿಟ್ಟಿದೆ. ಆದರೆ ಬಿಡುವವನಿಗೆ ಹೆಸರು ತಿಳಿದಿರಬೇಕಲ್ಲ! ಮನೆಯವರೆಲ್ಲ ಅವಳನ್ನು ಅತ್ತೆಯೆಂದೇ ಕರೆದರು. ಅವಳು ಹೋದ ನಂತರ ಹೆಸರು ಹೇಳಬಲ್ಲವರೂ ಒಬ್ಬೊಬ್ಬರಾಗಿ ಹೋದರು.

ಅವಳ ಮುಖ ಮಾತ್ರ ಹಳೆಯ ಪಟದ ಮೂಲೆಯಲ್ಲೆಲ್ಲೋ ಉಳಿದಿರುತ್ತದೆ. ಪಟವನ್ನು ತಿರುಗಿಸಿ ನೋಡಿದರೆ ತೆಗೆದ ಸ್ಟುಡಿಯೋದ ಮುದ್ರೆ ಕಾಣುತ್ತದೆ, ತೆಗೆಸಿಕೊಂಡವರ ಹೆಸರು ಕಾಣುವುದಿಲ್ಲ. ಈಗ ಬರೆಯುವುದಾದರೆ ಶಾಯಿ ಬೇಡ, ಅದು ಮುಂಬದಿಗೆ ಒಸರುವುದುಂಟು. ಮೆದುವಾದ ಪೆನ್ಸಿಲಿನಿಂದ, ಒತ್ತದೆ, ಅಂಚಿನಲ್ಲಿ ಬರೆಯಬೇಕು. ಹೆಸರು, ಊರು, ಯಾರ ಮಗಳು, ಯಾವ ಹಾಡನ್ನು ಹೇಳುತ್ತಿದ್ದಳು. ಆ ಗುಂಪಿನ ಪಟದ ಮೇಲೆ ಬೆರಳಿಟ್ಟು ‘ಇವಳು ಇಂಥವಳು’ ಎಂದು ಹೇಳಬಲ್ಲವರು ಎಷ್ಟೋ ಮನೆಗಳಲ್ಲಿ ಈಗ ಒಬ್ಬರೇ ಉಳಿದಿದ್ದಾರೆ. ಅವರ ಕಣ್ಣೂ ಮಂಜಾಗಿದೆ.