ಫರಸಿಯ ಕೆಳಗೆ ಏನಿದೆ?

ಸೊಲ್ಲಾಪುರ ಜಿಲ್ಲೆಯ ಊರುಗಳಲ್ಲಿ ಎಷ್ಟೋ ಮನೆಗಳ ನೆಲಕ್ಕೆ ಶಹಾಬಾದ ಫರಸಿ ಹಾಸಿರುತ್ತಾರೆ. ಇದು ಒಂದು ಬಗೆಯ ಸುಣ್ಣದ ಕಲ್ಲು. ಭೂಮಿಯಲ್ಲಿ ಪದರು ಪದರಾಗಿ ಸಿಗುತ್ತದೆ. ಕರ್ನಾಟಕದ ಕಲಬುರಗಿ ಜಿಲ್ಲೆಯ ಶಹಾಬಾದ ಊರಿನಿಂದ ಇದಕ್ಕೆ ಈ ಹೆಸರು ಬಂದಿದೆ.

ಬೇಸಿಗೆಯಲ್ಲಿ ಫರಸಿಯ ಮೇಲೆ ಮಲಗಿದರೆ ಮೈಗೆ ತಂಪು. ಆದರೆ ಕೆಲವು ಮನೆಗಳಲ್ಲಿ ಒಂದೆರಡು ಮಳೆಗಾಲ ಕಳೆಯುವುದರೊಳಗೆ ಫರಸಿ ಕುಸಿಯುತ್ತದೆ. ಒಂದು ಮೂಲೆ ಮೇಲೇಳುತ್ತದೆ. ನೀರಿನ ಕೊಡ ಹೊತ್ತವರು, ಕಣ್ಣು ಮಂಜಾದ ಅಜ್ಜಿಯರು ಎಡವಿ ಬೀಳುತ್ತಾರೆ. ಕಲ್ಲು ಗಟ್ಟಿಯಾಗಿಯೇ ಇದೆ. ಹಾಗಾದರೆ ತಪ್ಪು ಎಲ್ಲಿದೆ? ಕಲ್ಲಿನ ಕೆಳಗಿದೆ!

ನಮ್ಮ ಭಾಗದ ಎರೆಮಣ್ಣು ಬೆಳೆಗೆ ಬಹಳ ಒಳ್ಳೆಯದು. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಅದೇ ಗುಣ ಮನೆಯ ನೆಲಕ್ಕೆ ಆಗಿಬರುವುದಿಲ್ಲ. ನೀರು ಕುಡಿದಾಗ ಎರೆಮಣ್ಣು ಉಬ್ಬುತ್ತದೆ. ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಹೊಲದಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳನ್ನು ನೀವು ನೋಡಿರಬಹುದು. ಮಣ್ಣು ಅಲುಗಿದರೆ ಅದರ ಮೇಲಿನ ಫರಸಿಯೂ ಅಲುಗುತ್ತದೆ.

ಆದ್ದರಿಂದ ಅನುಭವವಿದ್ದ ಗೌಂಡಿಗಳು ಮೊದಲೇ ಫರಸಿಗೆ ಕೈ ಹಾಕುವುದಿಲ್ಲ. ಕೋಣೆಯೊಳಗಿನ ಎರೆಮಣ್ಣನ್ನು ಅಗೆದು ಹೊರಗೆ ಹಾಕಿಸುತ್ತಾರೆ. ಬೇರು, ಕಸಕಡ್ಡಿಗಳನ್ನು ಆರಿಸಿ ತೆಗೆಸುತ್ತಾರೆ. ಅವು ಒಳಗೇ ಉಳಿದು ಕೊಳೆತರೆ ಆ ಜಾಗ ಪೊಳ್ಳಾಗುತ್ತದೆ. ಬಳಿಕ ಅಲ್ಲಿ ಮುರುಮ ತುಂಬಿಸುತ್ತಾರೆ. ಮುರುಮ ಎಂದರೆ ಕಲ್ಲು ಸವೆದು ಆದ ಹರಳು ಮಣ್ಣು. ಅದು ಎರೆಮಣ್ಣಿನಂತೆ ಉಬ್ಬುವುದಿಲ್ಲ.

ಮುರುಮವನ್ನು ಒಮ್ಮೆಲೇ ಸುರಿಯಬಾರದು. ಸುರಿದರೆ ಮೇಲಷ್ಟೇ ಗಟ್ಟಿಯಾಗುತ್ತದೆ, ಒಳಗೆ ಸಡಿಲಾಗಿಯೇ ಇರುತ್ತದೆ. ಒಂದು ಗೇಣಿಗಿಂತ ತುಸು ಕಡಿಮೆ, ಅಂದರೆ ಸುಮಾರು 15 ಸೆಂಟಿಮೀಟರ್ ದಪ್ಪ ಹರಡಬೇಕು. ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿಯಬೇಕು. ಅದು ಗಟ್ಟಿಯಾದ ಮೇಲೆಯೇ ಇನ್ನೊಂದು ಪದರು.

ಅದರ ಮೇಲೆ ಖಡಿ, ಉಸುಕು, ಸಿಮೆಂಟ್ ಕಲಸಿದ ಕಾಂಕ್ರೀಟ್ ಹಾಸುತ್ತಾರೆ. ಏಳು ದಿನ ಅದು ಒಣಗದಂತೆ ನೀರು ಹಾಕುತ್ತಾರೆ.

ಇನ್ನು ಮಟ್ಟ ನೋಡುವ ಕೆಲಸ. ಇದಕ್ಕೆ ನೀರು ತುಂಬಿದ ಉದ್ದನೆಯ ಪಾರದರ್ಶಕ ನಳಿಕೆ ಸಾಕು. ನಳಿಕೆಯ ಎರಡೂ ತುದಿಗಳಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟಕ್ಕೆ ಗೋಡೆಗಳ ಮೇಲೆ ಗುರುತು ಹಾಕಿ ದಾರ ಕಟ್ಟುತ್ತಾರೆ. ನೆಲ ತೊಳೆದ ನೀರು ಹರಿದುಹೋಗಲು ಬಾಗಿಲ ಕಡೆಗೆ ತುಸು ಇಳಿಜಾರು ಬಿಡುತ್ತಾರೆ. ಆಮೇಲೆ ಗಾರೆ ಹಾಸಿ ಫರಸಿ ಕೂಡಿಸುತ್ತಾರೆ.

ಕೆಲಸ ಮುಗಿದ ಮೇಲೆ ಫರಸಿಯನ್ನು ಮೆಲ್ಲಗೆ ಬಡಿದು ನೋಡುತ್ತಾರೆ. ಖಾಲಿ ಕೊಡದಂತೆ ಪೊಳ್ಳು ಸದ್ದು ಬಂದರೆ ಕೆಳಗೆ ಗಾರೆ ಸರಿಯಾಗಿ ತುಂಬಿಲ್ಲವೆಂದು ಅರ್ಥ. ಆ ಫರಸಿಯನ್ನು ಎತ್ತಿ ಮತ್ತೆ ಕೂಡಿಸಬೇಕು.

ಮನೆಗೆ ಬಂದವರು ಫರಸಿಯ ಹೊಳಪನ್ನು ಹೊಗಳುತ್ತಾರೆ. ಕೆಳಗಿನ ಮುರುಮ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಅಜ್ಜಿ ಎಡವದೆ ನಡೆಯುವುದು ಅದರ ಬಲದಿಂದಲೇ.

ಶಬ್ದಾರ್ಥ
ಗೌಂಡಿ – ಮನೆ ಕಟ್ಟುವ ಕೆಲಸಗಾರ
ದಿಮ್ಮಸು – ನೆಲ ಬಡಿದು ಗಟ್ಟಿ ಮಾಡುವ ಭಾರವಾದ ಸಾಧನ
ಖಡಿ – ಒಡೆದ ಸಣ್ಣ ಕಲ್ಲು

ಅಭ್ಯಾಸ
1. ಎರೆಮಣ್ಣಿನ ಮೇಲೆ ಹಾಸಿದ ಫರಸಿ ಏಕೆ ಅಲುಗುತ್ತದೆ?
2. ಮುರುಮವನ್ನು ಪದರು ಪದರಾಗಿ ಏಕೆ ಬಡಿಯಬೇಕು?

ಉಪಕ್ರಮ
ಎರಡು ತಟ್ಟೆಗಳಲ್ಲಿ ಎರೆಮಣ್ಣು ಮತ್ತು ಮುರುಮ ಹಾಕಿ ನೀರು ಬೆರೆಸಿರಿ. ಬಿಸಿಲಲ್ಲಿ ಒಣಗಿಸಿರಿ. ಯಾವುದು ಬಿರಿಯಿತು? ಬರೆಯಿರಿ.