ಗೇಥೋಸುನೊಸ್: ಹಾಯಿ ಬಿಚ್ಚಿದವನ ಹಿಗ್ಗು

7 ವರ್ಷ ದೇವತೆ ಕಲಿಪ್ಸೋಳ ದ್ವೀಪದಲ್ಲೇ ಸಿಕ್ಕಿಬಿದ್ದು, ದಂಡೆಯಲ್ಲಿ ಕೂತು ಸಮುದ್ರ ನೋಡುತ್ತ ಅತ್ತವನು ಒಡಿಸ್ಯೂಸ್. ಈಗ 20 ಮರ ಕಡಿದು, 4 ದಿನದಲ್ಲಿ ತಾನೇ ತೆಪ್ಪ ಕಟ್ಟಿದ್ದಾನೆ. ಹದವಾದ ಗಾಳಿ ಬೀಸುತ್ತದೆ. ಹಾಯಿ ಬಿಚ್ಚುತ್ತಾನೆ.

ಆ ಗಳಿಗೆಯ ಒಡಿಸ್ಯೂಸ್‌ಗೆ ಗ್ರೀಕ್ ಕವಿ ಹೋಮರ್ ‘ಒಡಿಸ್ಸಿ’ಯಲ್ಲಿ ಇಟ್ಟ ವಿಶೇಷಣ ‘ಗೇಥೋಸುನೊಸ್’. ‘ಸಂತೋಷಗೊಂಡ’ ಅಂದರೆ ನನಗೆ ಸಾಲದು, ‘ಹಿಗ್ಗಿದ’ ಅನ್ನಬೇಕು. ನಮ್ಮ ಹಿಗ್ಗು ಮನಸ್ಸಿಗೂ ಸಲ್ಲುತ್ತದೆ, ಗಾಳಿ ತುಂಬಿ ಉಬ್ಬಿದ ಹಾಯಿಗೂ ಸಲ್ಲುತ್ತದೆ!

ಲ್ಯಾಟಿನ್ನಿನ ‘ಗೌದಿಯುಮ್’ ಈ ಗ್ರೀಕ್ ಪದದ ಬೇರಿನದೇ ನೆಂಟ. ಅದು ಫ್ರೆಂಚ್ ಹಾದು ಇಂಗ್ಲಿಷಿನ ‘ಜಾಯ್’ ಆಯಿತು.

ಒಡಿಸ್ಯೂಸ್ ಚುಕ್ಕಾಣಿ ಹಿಡಿದೇ ಇದ್ದಾನೆ. ಕೃತ್ತಿಕೆಯ ಮೇಲೆ ಕಣ್ಣು, ಎಡಗೈಗೆ ಸಪ್ತರ್ಷಿಗಳು. 17 ದಿನ ಹೀಗೇ. ರೆಪ್ಪೆಗೆ ನಿದ್ದೆ ಇಳಿಯುವುದಿಲ್ಲ.